ಬಾಟಲಿ ಹಾಲು ಕುಡಿದ ಜಿಂಕೆ

ಲಪೀರ್, ಮಿಶಿಗನ್
19 ಜನವರಿ 2025, ಭಾನುವಾರ ಮಧ್ಯಾಹ್ನ

ಸುಬಿಯಾಳ ಅಬ್ಬಾ ಅವರಿಗೆ ನಜ್ಮುನ್ನೀಸಾಳ ಸಲಾಮ್.

ಲಕೋಟೆಯ ಮೇಲೆ ನನ್ನ ಅಕ್ಷರ ಕಂಡ ಕೂಡಲೇ ಯಾರೋ ತೀರಿಹೋದರು ಎಂದು ನಿಮ್ಮ ಎದೆ ಹೊಡೆದುಕೊಂಡಿರಬೇಕು. ಯಾರೂ ತೀರಿಹೋಗಿಲ್ಲ. ನಾನು ಹೇಗಿದ್ದೇನೆ ಎಂದು ನಿಮಗೆ, ನೀವು ಹೇಗಿದ್ದೀರಿ ಎಂದು ನನಗೆ ಸುಬಿಯಾ ಇಂಗ್ಲಿಷಿನಲ್ಲಿ ತಿಳಿಸುತ್ತಲೇ ಇರುತ್ತಾಳೆ. ಹಾಗಾಗಿ ಕ್ಷೇಮಸಮಾಚಾರ ಬಿಟ್ಟು ಮುಂದೆ ಹೋಗುತ್ತೇನೆ. ಇದನ್ನು ಅಂಗಡಿಯ ಕೌಂಟರಿನ ಹತ್ತಿರ ನಿಂತು ಓದಬೇಡಿ, ಕಾಗದಕ್ಕೆ ಖೀಮಾ ಹತ್ತುತ್ತದೆ. ಕೈ ತೊಳೆದುಕೊಂಡು, ಹಿಂದಿನ ಕೋಣೆಯಲ್ಲಿ ಕೂತು ಓದಿ.

ಫೋನ್ ಮಾಡಿದ್ದರೆ ಆಗುತ್ತಿರಲಿಲ್ಲವೇ ಎನ್ನುತ್ತೀರಿ. ಫೋನಿನಲ್ಲಿ ನೀವು 'ಹಾಂ', 'ಹೂಂ', 'ಸರಿ' ಎನ್ನುವ ಮೂರು ಮಾತಿನಲ್ಲಿ ಸಂಸಾರ ಮುಗಿಸುತ್ತೀರಿ. ಮೆಸೇಜು ಕಳಿಸಿದರೆ, 'ಏನೋ ಬಂದಿದೆ ನೋಡಮ್ಮ' ಎಂದು ಮಗಳ ಕೈಗೆ ಕೊಡುತ್ತೀರಿ. ಅವಳಿಗೆ ಕನ್ನಡ ಓದಲು ಬರುವುದಿಲ್ಲ ಎನ್ನುವುದು ಇಷ್ಟು ವರ್ಷ ನನಗೆ ಬೇಸರದ ವಿಷಯವಾಗಿತ್ತು. ಈಗ ನೋಡಿದರೆ ಅದೇ ಒಳ್ಳೆಯದಾಯಿತು. ಶಿರಾದ ಸರ್ಕಾರಿ ಶಾಲೆಯಲ್ಲಿ ಬೆತ್ತದ ಏಟು ತಿಂದು ಕಲಿತ ಅಕ್ಷರ ಮುಂದೆ ನೀವಿರುವ ಸ್ಕೋಕಿಯಲ್ಲಿ ಗಂಡಹೆಂಡಿರ ಗುಟ್ಟು ಕಾಯುತ್ತದೆ ಎಂದು ಯಾವ ಮೇಷ್ಟರಿಗೆ ಗೊತ್ತಿತ್ತು?

ವಿಷಯ ಒಂದು ಗಂಡು ಜಿಂಕೆಯದು. ಹೆಸರು ದಿಲಾವರ್, ವಯಸ್ಸು ಎರಡೂವರೆ. ಅವನನ್ನು ಮರಿಯಿಂದ ಸಾಕಿದವಳು ನಾನಾದ್ದರಿಂದ ಅವನ ಜೀವ ಹೇಗೆ ಹೋಗಬೇಕು ಎನ್ನುವುದನ್ನೂ ನಾನೇ ಹೇಳಬೇಕಾಗಿದೆ. ಈ ತಿಂಗಳು ಮುಗಿಯುವುದರೊಳಗೆ ಉತ್ತರ ಕೊಡಬೇಕು. ಅದಕ್ಕೆ ನಿಮ್ಮಿಂದ ಒಂದು ಕೆಲಸ ಆಗಬೇಕು. ಅದೇನೆಂದು ಇಲ್ಲೇ ಹೇಳಿಬಿಟ್ಟರೆ ನೀವು ಕಾಗದ ಮಡಚಿ ಜೇಬಿಗೆ ಹಾಕಿಕೊಳ್ಳುತ್ತೀರಿ. ಆದ್ದರಿಂದ ಮೊದಲಿಂದ ಬರುತ್ತೇನೆ. ಒಮ್ಮೆಯಾದರೂ ನನ್ನ ಮಾತು ಪೂರ್ತಿ ಕೇಳಿಸಿಕೊಳ್ಳಿ.

ನಿಮಗೆ ಗೊತ್ತಿರುವುದು ಇಷ್ಟೇ: ತಂಗಿ ಆಮ್ನಾಳ ಆಪರೇಷನ್ನಿಗೆಂದು ಸೌತ್‌ಫೀಲ್ಡಿಗೆ ಹೋದ ಹೆಂಡತಿ ವಾಪಸು ಬರಲಿಲ್ಲ. ನಡುವೆ ಏನಾಯಿತು ಎಂದು ನೀವು ಕೇಳಲಿಲ್ಲ, ನಾನು ಹೇಳಲಿಲ್ಲ. ಆಮ್ನಾಳ ಪಕ್ಕದ ಮನೆಯಲ್ಲಿ ಚೇತನಾ ಎಂಬ ಹುಡುಗಿ ಇದ್ದಾಳೆ. ಗದಗಿನ ಕಡೆಯವಳು, ಪಶುವೈದ್ಯೆ. ಅವಳ ಕಾಕಾ ರಾಜಶೇಖರ್ ಅವರು ಹೃದಯದ ಡಾಕ್ಟರಾಗಿದ್ದು ರಿಟೈರ್ ಆದವರು. ಸೌತ್‌ಫೀಲ್ಡಿನಿಂದ ಐವತ್ತು ಮೈಲಿ ಉತ್ತರಕ್ಕೆ, ಇಲ್ಲಿ ಲಪೀರ್‌ನಲ್ಲಿ, ಜಮೀನು ಕೊಂಡು ಬಿಳಿಬಾಲದ ಜಿಂಕೆ ಸಾಕಿದ್ದಾರೆ. ಅದು 2022ರ ಮೇ ತಿಂಗಳ ಕೊನೆ, ಜಿಂಕೆಗಳು ಮರಿ ಹಾಕುವ ಕಾಲ. ಚೇತನಾ ಒಂದು ಸಂಜೆ ಬಂದು, "ಹಾಲು ಕುಡಸಾಕ ಕೈ ಸಾಲವಲ್ವು ಆಂಟಿ, ಒಂದ್ ದಿನ ಬರ್ತೀರೇನ್ರಿ" ಎಂದಳು. ಹೋದೆ. ಆ ಒಂದು ದಿನ ಇನ್ನೂ ಮುಗಿದಿಲ್ಲ.

ಹೋದವಳಿಗೆ ಪ್ರಶ್ನೆಗಳ ಹುಚ್ಚು ಹಿಡಿಯಿತು. ಎಳೆ ಮರಿಗೆ ಮೈವಾಸನೆಯೇ ಇರುವುದಿಲ್ಲವಂತೆ. ಹುಲ್ಲಿನಲ್ಲಿ ಮಲಗಿದ್ದರೆ ಪಕ್ಕದಲ್ಲೇ ನಾಯಿ ಹಾದುಹೋದರೂ ತಿಳಿಯದಂತೆ. ಹಾಗಿದ್ದರೆ ತಾಯಿಗೆ ಹೇಗೆ ತಿಳಿಯುತ್ತದೆ? ಹೆಣ್ಣು ಮರಿಗಳನ್ನು ತಾಯಿಯಿಂದ ಬಿಡಿಸಿ ಬಾಟಲಿಯಲ್ಲಿ ಆಡಿನ ಹಾಲು ಕುಡಿಸುತ್ತಾರೆ, ಗಂಡು ಮರಿಗಳನ್ನು ತಾಯಿಯ ಹತ್ತಿರವೇ ಬಿಡುತ್ತಾರೆ. ಯಾಕೆ ಈ ಭೇದ? ಹಾಲು ಕುಡಿಸಿದ ಮೇಲೆ ಬೆಚ್ಚನೆಯ ಒದ್ದೆ ಬಟ್ಟೆಯಿಂದ ಹಿಂಭಾಗ ಒರೆಸಿದರೆ ಮಾತ್ರ ಮರಿ ಉಚ್ಚೆ ಹೊಯ್ಯುತ್ತದೆ. ಕಾಡಿನಲ್ಲಿ ಯಾರು ಒರೆಸುತ್ತಾರೆ? ಕೇಳಿದ್ದಕ್ಕೆಲ್ಲ ಚೇತನಾ ಉತ್ತರ ಕೊಟ್ಟಳು. ಗೊತ್ತಿಲ್ಲದ್ದಕ್ಕೆ, "ನನಗೂ ಗೊತ್ತಿಲ್ರಿ ಆಂಟಿ, ನೋಡೂಣು" ಎಂದಳು. ನಂಬಿದರೆ ನಂಬಿ, ಕೊಟ್ಟಿಗೆಯಲ್ಲಿ ಕೂತು ಅತ್ತುಬಿಟ್ಟೆ. ಮೂವತ್ತು ವರ್ಷ ನಿಮ್ಮ ಜೊತೆ ಬಾಳಿ, ಕೇಳಿದ್ದಕ್ಕೆಲ್ಲ "ಅದೆಲ್ಲಾ ನಿಂಗ್ಯಾಕೆ" ಎನ್ನಿಸಿಕೊಂಡವಳು ನಾನು. ನೀವು ಹೊಡೆದವರಲ್ಲ, ಬೈದವರಲ್ಲ. ಅಂಗಡಿಯೊಂದನ್ನು ಬಿಟ್ಟರೆ ನನಗೆ ಸವತಿ ಅಂತ ಯಾರೂ ಇರಲಿಲ್ಲ. ಆದರೆ ಉತ್ತರವಿಲ್ಲದ ಮನೆಯಲ್ಲಿ ಇದ್ದೂ ಇದ್ದೂ ನನಗೆ ಸಾಕಾಗಿತ್ತು.

ರಾಜಶೇಖರ್ ಸಾಹೇಬರನ್ನು ನೀವು ನೋಡಿಲ್ಲ. ನೋಡಿದರೆ ನಗುತ್ತೀರಿ. ಲಿಂಗಾಯತರು, ಮೊಟ್ಟೆ ಒಡೆದ ಬಾಣಲೆಯನ್ನೂ ಮುಟ್ಟುವುದಿಲ್ಲ. ಮೊದಲು ನೋಡುವ ಖುಷಿಗೆಂದು ನಾಲ್ಕು ಜಿಂಕೆ ತಂದಿದ್ದರಂತೆ. "ಈಗ ನೂರಾಗ್ಯಾವು ನಜ್ಮಾಬಾಯಿ, ನಾ ಅವನ್ನ ನೋಡೂದು ಹೋಗಿ ಅವು ನನ್ನ ನೋಡಾಕ ಹತ್ಯಾವು" ಎನ್ನುತ್ತಾರೆ. ಒಳ್ಳೆಯ ತಳಿಯ ಹೆಣ್ಣುಗಳನ್ನು ಬೇರೆ ಫಾರ್ಮಿನವರಿಗೆ ಕೊಡುತ್ತಾರೆ. ದೊಡ್ಡ ಕೊಂಬಿನ ಗಂಡುಗಳು ಉತ್ತರದ ಕಡೆ ಇರುವ ಖಾಸಗಿ ಬೇಟೆಕಾಡುಗಳಿಗೆ ಹೋಗುತ್ತವೆ. ಅಲ್ಲಿ ಎತ್ತರದ ಬೇಲಿ ಹಾಕಿರುತ್ತಾರೆ, ಕೊಂಬಿನ ಆಸೆಯವರು ಬಂದು ಹೊಡೆಯುತ್ತಾರೆ. ಗಂಡುಗಳನ್ನು ಒಯ್ಯುವ ಟ್ರಕ್ಕು ಬರುವ ದಿನ ಸಾಹೇಬರಿಗೆ ತಪ್ಪದೆ ಹಲ್ಲುನೋವು ಬರುತ್ತದೆ, ಸೌತ್‌ಫೀಲ್ಡಿನ ಮನೆಯಲ್ಲೇ ಉಳಿಯುತ್ತಾರೆ. ಕಟುಕರ ಮನೆಯ ಸೊಸೆ ನಾನು ನಿಂತು ಒಂದೊಂದನ್ನೇ ಹತ್ತಿಸಿ ಕಳಿಸುತ್ತೇನೆ. ಕಿವಿಯಲ್ಲಿರುವ ಹಳದಿ ಓಲೆಯ ನಂಬರು ಓದಿ ಹೇಳುವುದೂ ನಾನೇ.

ಒಂದು ಸಲ ನೀವು ಬಂದಿದ್ದಿರಿ. ಮೊದಲನೆಯ ಚಳಿಗಾಲ, ನನ್ನ ಉಣ್ಣೆಬಟ್ಟೆಯ ಎರಡು ಬ್ಯಾಗು ತಂದುಕೊಡಲು. ಬೇಲಿಯ ಹತ್ತಿರ ನಿಂತು ಬಹಳ ಹೊತ್ತು ನೋಡಿದಿರಿ. ಏನಾದರೂ ಹೇಳುತ್ತೀರಿ ಎಂದು ನಾನು ಕಾದೆ. ಕೊನೆಗೆ, "ಒಂದೊಂದು ಎಷ್ಟು ಪೌಂಡ್ ತೂಗುತ್ತೆ?" ಎಂದಿರಿ. ಚಹಾ ಕುಡಿಯಿರಿ ಎಂದರೆ ಅಂಗಡಿ ಇದೆ ಎಂದು ಹೊರಟಿರಿ. ಐದು ಗಂಟೆ ಡ್ರೈವ್ ಮಾಡಿ ಬಂದವರು ಅರ್ಧ ಗಂಟೆ ಇರಲಿಲ್ಲ. ನನಗೆ ಸಿಟ್ಟಿಗಿಂತ ನಾಚಿಕೆಯಾಯಿತು, ಚೇತನಾ ಒಳಗಿಂದ ನೋಡುತ್ತಿದ್ದಳು. ಬ್ಯಾಗು ತೆರೆದರೆ ನನ್ನ ಹಳೆಯ ಬೂಟಿಗೆ ಹೊಸ ಅಟ್ಟೆ ಹಾಕಿಸಿದ್ದಿರಿ. ಅದನ್ನು ಬಾಯಿಬಿಟ್ಟು ಹೇಳಿದ್ದರೆ ನಿಮ್ಮ ಗಂಟೇನು ಹೋಗುತ್ತಿತ್ತು?

ನೀವು ಬಂದಾಗ ದಿಲಾವರ್ ಕೊಟ್ಟಿಗೆಯ ಬಾಗಿಲಲ್ಲೇ ಇದ್ದ, ಆರು ತಿಂಗಳ ಮರಿ. ಕೊರಳಲ್ಲಿ ಹಸಿರು ಮಣಿಸರ ಇತ್ತು, ನೋಡಿದಿರೋ ಇಲ್ಲವೋ. ಅವನ ತಾಯಿ ಎರಡು ಹಾಕಿತ್ತು. ಗಟ್ಟಿಯಾಗಿದ್ದ ಹೆಣ್ಣುಮರಿಯನ್ನು ನೆಕ್ಕಿ, ಇವನನ್ನು ಮೂಸಿ ಹಿಂದೆ ಸರಿಯಿತು. ನಾನು ಎತ್ತಿಕೊಳ್ಳಲು ಹೋದಾಗ ಚೇತನಾ ತಡೆದಳು. "ಗಂಡು ಅದಾನ್ರಿ ಆಂಟಿ. ಗಂಡಿಗೆ ಬಾಟ್ಲಿ ಕುಡಿಸಬಾರ್ದು. ಮನಷ್ಯಾರ ಅಂಜಿಕಿ ಹೋಗಿಬಿಟ್ರ ಮುಂದ ಕಷ್ಟ" ಎಂದಳು. ಹಾಗಾದರೆ ಸಾಯಲಿ ಅನ್ನುತ್ತೀಯಾ ಎಂದೆ. ನಾನು ಸೆರಗಿನಲ್ಲಿ ಸುತ್ತಿಕೊಂಡು ಬಂದೆ. ಜೀನ್ಸ್ ಹಾಕುವ ಈ ದೇಶದಲ್ಲಿ ನನ್ನ ಸೀರೆಯ ಸೆರಗು ಮೊದಲ ಸಲ ಕೆಲಸಕ್ಕೆ ಬಂತು.

ಇಲ್ಲಿಂದ ನಾನು ಮಾಡಿದ್ದೆಲ್ಲ ನಮ್ಮಪ್ಪನ ಮನೆಯ ಪದ್ಧತಿ. ನಿಮಗೆ ನೆನಪಿರಬೇಕು. ಬಕ್ರೀದಿನ ಆಡನ್ನು ಅಪ್ಪ ತಿಂಗಳುಗಳ ಮೊದಲೇ ತಂದು ಜಗುಲಿಗೆ ಕಟ್ಟುತ್ತಿದ್ದರು. ನಮ್ಮ ತಟ್ಟೆಯ ಪಾಲು ಅದಕ್ಕೆ ತಿನ್ನಿಸಬೇಕು, ಶುಕ್ರವಾರ ಸ್ನಾನ ಮಾಡಿಸಬೇಕು, ಕೊರಳಿಗೆ ಮಣಿ ಕಟ್ಟಬೇಕು, ಹೆಸರಿಟ್ಟು ಕರೆಯಬೇಕು. "ಕೊಡೋವಾಗ ಕರುಳು ಚುರುಕ್ ಅನ್ದಿದ್ರೆ ಅದು ಬರೀ ಮಾಂಸ ಕಣಮ್ಮಾ" ಎನ್ನುತ್ತಿದ್ದರು. ದಿಲಾವರನಿಗೂ ನಾನು ಹಾಗೇ ಮಾಡಿದೆ. ರೊಟ್ಟಿ ಕೊಡಬೇಡಿ, ಹೊಟ್ಟೆ ಕೆಡುತ್ತದೆ ಎಂದರು. ಕದ್ದು ಗ್ಲುಕೋಸ್ ಬಿಸ್ಕತ್ತು ಕೊಟ್ಟೆ. ಕೊಟ್ಟಿಗೆಯ ಪಕ್ಕದಲ್ಲಿ ಬೇಲಿ ಹಾಕಿದ ಸಣ್ಣ ದೊಡ್ಡಿಯಲ್ಲಿ ಒಂಟಿಯಾಗಿಟ್ಟು, ಹಣೆಗೆ ಹಣೆ ಒತ್ತಿ ಗುದ್ದಾಟ ಆಡಿಸಿದೆ. ಮರಿ ಹಿಂದೆ ಸರಿದು ಬಂದು ಡಿಕ್ಕಿ ಹೊಡೆದರೆ, ಶಭಾಷ್ ನವಾಬ್ ಎಂದು ಬೆನ್ನು ತಟ್ಟಿದೆ.

ಎರಡು ತಿಂಗಳಾದಾಗ ಚೇತನಾ, "ಈಗ ಬೀಜ ತೆಗೆದುಬಿಡೂಣ್ರಿ, ಮುಂದ ಸಿಟ್ಟು ಬರಂಗಿಲ್ಲ" ಎಂದಿದ್ದಳು. ನಾನು ಬಿಲ್ಕುಲ್ ಒಪ್ಪಲಿಲ್ಲ. ಅಪ್ಪನ ಜಗುಲಿಗೆ ಬರುವ ಆಡಿಗೆ ಒಂದು ಕುಂದೂ ಇರಬಾರದು. ಕಿವಿ ಸೀಳಿರಬಾರದು, ಕೊಂಬು ಮುರಿದಿರಬಾರದು, ಬೀಜವೂ ಹಾಗೇ ಇರಬೇಕು. ಧರ್ಮದಲ್ಲಿ ಬೀಜ ಒಡೆದದ್ದಕ್ಕೆ ಅಡ್ಡಿಯಿಲ್ಲ, ಅದು ಅಪ್ಪನ ಸ್ವಂತ ಹಟ ಎಂದು ನೀವೇ ಒಮ್ಮೆ ಹೇಳಿದ್ದಿರಿ. ಜಿಂಕೆ ಕುರ್ಬಾನಿಗೆ ಸಲ್ಲುವುದೂ ಇಲ್ಲ, ಅದೂ ನನಗೆ ಗೊತ್ತು. ಆದರೂ ಕೈ ಕಲಿತದ್ದನ್ನೇ ಮಾಡುತ್ತದೆ. ನನಗೆ ಹೊಳೆಯದೆ ಹೋದದ್ದು ಒಂದೇ: ಜಗುಲಿಯ ಆಡಿನ ಪ್ರೀತಿಗೆ ಬಕ್ರೀದ್ ಎಂಬ ಕೊನೆ ಇತ್ತು. ಅದು ಬೆಳೆದು ಗಂಡಸಾಗುವುದನ್ನು ನಮ್ಮ ಮನೆಯಲ್ಲಿ ಯಾರೂ ನೋಡಿರಲಿಲ್ಲ. ಈಗ ಆ ಮಾತು ಆಡಿ ಏನು ಪ್ರಯೋಜನ, ಬಿಡಿ.

ಕೊಂಬಿನ ವಿಷಯ ನಿಮಗೆ ಹೇಳಲೇಬೇಕು. ಆಡಿನ ಕೊಂಬು ಹುಟ್ಟಿನಿಂದ ಸಾವಿನವರೆಗೆ ಒಂದೇ ಅಲ್ಲವೇ? ಜಿಂಕೆಯದು ಪ್ರತಿ ಚಳಿಗಾಲದಲ್ಲಿ ಉದುರಿ, ವಸಂತದಲ್ಲಿ ಹೊಸದು ಮೊಳೆಯುತ್ತದೆ. ಬೇಸಿಗೆಯಲ್ಲಿ ಅದರ ಮೇಲೆ ಮಖಮಲ್ಲಿನಂಥ ಚರ್ಮ. ಮುಟ್ಟಿದರೆ ಜ್ವರ ಬಂದ ಮಗುವಿನ ಹಣೆಯಷ್ಟು ಬಿಸಿ, ಒಳಗೆ ರಕ್ತ ಓಡುತ್ತಿರುತ್ತದೆ. ದಿನದಿಂದ ದಿನಕ್ಕೆ ಬೆಳೆದದ್ದು ಬರಿಗಣ್ಣಿಗೆ ಕಾಣುತ್ತದೆ. ಸೆಪ್ಟೆಂಬರಿಗೆ ಆ ಚರ್ಮ ಸುಲಿದು, ರಕ್ತದ ಚಿಂದಿಗಳು ಜೋತುಬಿದ್ದು, ಒಳಗಿನ ಎಲುಬು ಬಿಳಿಯಾಗಿ ಹೊರಬರುತ್ತದೆ. ಆಗ ಜಿಂಕೆಯ ಕುತ್ತಿಗೆ ಊದುತ್ತದೆ, ಮೈಯೆಲ್ಲ ನಾರುತ್ತದೆ, ಮರಕ್ಕೆ ತಲೆ ಉಜ್ಜಿ ತೊಗಟೆ ಕೀಳುತ್ತದೆ. ದಿಲಾವರನಿಗೆ ಎರಡನೆಯ ಶರತ್ಕಾಲದಲ್ಲಿ ಸಾಧಾರಣ ಕೊಂಬು ಬಂತು, ಸ್ವಲ್ಪ ಗುರುಗುಟ್ಟಿದ. ಮೂರನೆಯದರಲ್ಲಿ, ಅಂದರೆ ಈಗ ಹೋದ ಶರತ್ಕಾಲದಲ್ಲಿ, ತಲೆಯ ಮೇಲೆ ಹುಣಸೆಮರವೇ ಹುಟ್ಟಿತು. ನೋಡಲು ಬಂದವರೆಲ್ಲ ಬೇರೆ ಜಿಂಕೆ ಬಿಟ್ಟು ಅವನ ಫೋಟೋ ತೆಗೆದರು. ನನಗೆ ಹೆಮ್ಮೆ. ಹೆತ್ತವಳಿಗೂ ಅಷ್ಟು ಜಂಬ ಇರುವುದಿಲ್ಲ.

ನವೆಂಬರಿನಲ್ಲಿ ನಾನು ಮೆಟ್ಟಿಲು ಜಾರಿ ಬಿದ್ದೆ ಎಂದು ಸುಬಿಯಾ ಹೇಳಿದಳಲ್ಲ, ಅದು ಸುಳ್ಳು. ಅವಳು ಹೇಳಿದ ಸುಳ್ಳಲ್ಲ, ನಾನು ಅವಳಿಗೆ ಹೇಳಿದ್ದು.

ಬೆಳಿಗ್ಗೆ ಎಂದಿನಂತೆ ಬಿಸ್ಕತ್ತು ಹಿಡಿದು ದೊಡ್ಡಿಯೊಳಗೆ ಹೋದೆ. ಅವನು ಕಿವಿ ಹಿಂದಕ್ಕೆ ಮಲಗಿಸಿ, ಮೈಕೂದಲು ನಿಮಿರಿಸಿ, ಅಡ್ಡಡ್ಡ ಹೆಜ್ಜೆ ಇಡುತ್ತ ಬಂದ. ಮುನಿಸಿಕೊಂಡಿದ್ದಾನೆ ಅಂದುಕೊಂಡೆ. "ಏನಪ್ಪಾ ನವಾಬಾ, ನಿಂದೇನು ಇವತ್ತು" ಎಂದು ನಕ್ಕೆ. ತಲೆ ತಗ್ಗಿಸಿದ. ಮುಂದಿನದು ಕಣ್ಣುಮುಚ್ಚಿ ತೆಗೆಯುವಷ್ಟರಲ್ಲಿ ಆಯಿತು. ಬೇಲಿಗೆ ಒತ್ತಿ ಹಿಡಿದಿದ್ದ. ಎರಡು ಕೊಂಬನ್ನೂ ನಾನು ಎರಡು ಕೈಯಲ್ಲಿ ಹಿಡಿದುಕೊಂಡಿದ್ದೆ. ಒಂದು ಮೊನೆ ತೊಡೆಯೊಳಗೆ ಹೋಗಿತ್ತು. ವಿಚಿತ್ರವೆಂದರೆ ಆಗ ನೋವಾಗಲಿಲ್ಲ. ಅವನ ಕಣ್ಣು ನೋಡುತ್ತಿದ್ದೆ. ಗುರುತು ಸಿಗದೆ ಹೀಗೆ ಮಾಡುತ್ತಿರಬಹುದೇ ಎಂದು ನೋಡಿದೆ. ಇಲ್ಲ, ಚೆನ್ನಾಗಿ ಗುರುತಿತ್ತು. ರಾಜಶೇಖರ್ ಸಾಹೇಬರು ಮೇವಿನ ಡ್ರಮ್ಮಿನ ಮುಚ್ಚಳ ಹಿಡಿದು ಓಡಿಬಂದು, ಜೀವಮಾನದಲ್ಲಿ ಇರುವೆ ತುಳಿಯದವರು, ಅವನ ಮೂತಿಗೆ ಬಡಿದು ಬಡಿದು ಹಿಂದೆ ಸರಿಸಿದರು. ಆಮೇಲೆ ನನ್ನ ತೊಡೆಯನ್ನು ಆಂಬುಲೆನ್ಸ್ ಬರುವವರೆಗೂ ಒತ್ತಿ ಹಿಡಿದುಕೊಂಡು ಕೂತರು. ಎರಡು ಪಕ್ಕೆಲುಬು ಬಿರುಕುಬಿಟ್ಟಿದ್ದವು. ಈಗ ಎಲ್ಲಾ ಕೂಡಿಕೊಂಡಿದೆ. ಮೆಟ್ಟಿಲು ಹತ್ತುವಾಗ ಮಾತ್ರ ತೊಡೆ ಸ್ವಲ್ಪ ಹಿಡಿಯುತ್ತದೆ. ನಿಮಗೆ ಯಾಕೆ ತಿಳಿಸಲಿಲ್ಲ ಎಂದರೆ, ತಿಳಿಸಿದರೂ ನೀವು ಬರದೆ ಇದ್ದರೆ ಏನು ಮಾಡುವುದು ಎಂದು ಹೆದರಿಕೆಯಾಯಿತು.

ಆಸ್ಪತ್ರೆಯಲ್ಲಿ ಚೇತನಾಳನ್ನು ನಾನು ಕೇಳಿದ ಮೊದಲ ಪ್ರಶ್ನೆ, ಸಾಕಿದವಳನ್ನೇ ಯಾಕೆ ತಿವಿದ ಅಂತ. ಅವಳ ಉತ್ತರ ಹೀಗಿತ್ತು: "ತಾಯಿ ಹತ್ರ ಬೆಳದ ಜಿಂಕಿ ಮನಷ್ಯಾನ್ನ ಕಂಡ್ರ ಓಡತಾವ್ರಿ. ಇಂವಂಗ ನೀವು ಮನಷ್ಯಾರಲ್ಲ ಆಂಟಿ, ನೀವೂ ಒಂದು ಜಿಂಕಿ. ತನ್ನ ಜಾಗಾದಾಗ ಬಂದ ಇನ್ನೊಂದು ಗಂಡು." ಬಿದ್ದು ಬಿದ್ದು ನಕ್ಕೆ, ಪಕ್ಕೆಲುಬು ಚುಚ್ಚಿ ಅತ್ತೆ. ನನ್ನನ್ನು ಸರಿಸಮ ಎದುರಾಳಿ ಎಂದು ತಿಳಿದ ಗಂಡಸು ಜನ್ಮದಲ್ಲಿ ಅವನೊಬ್ಬನೇ!

ಈಗ ಕೆಲಸದ ಮಾತಿಗೆ ಬರುತ್ತೇನೆ. ಒಮ್ಮೆ ತಿವಿದ ಗಂಡು ಮತ್ತೆ ತಿವಿಯುತ್ತದೆ. ಇಲ್ಲಿ ಕೆಲಸಕ್ಕೆ ಬರುವವರು ಆ ದೊಡ್ಡಿಯ ಕಡೆ ಹೋಗುವುದಿಲ್ಲ. ಉತ್ತರದ ಬೇಟೆಕಾಡಿನವರೊಬ್ಬರು ಕೊಂಬು ನೋಡಿ ಕಣ್ಣಿಟ್ಟಿದ್ದಾರೆ, ಮುಂದಿನ ಶರತ್ಕಾಲಕ್ಕೆ ಬೇಕಂತೆ, ಕೊಡುತ್ತೀರೋ ಇಲ್ಲವೋ ಈ ತಿಂಗಳೊಳಗೆ ಹೇಳಿ ಎಂದಿದ್ದಾರೆ. ಅಲ್ಲಿ ಬಿಟ್ಟರೆ ಏನಾಗುತ್ತದೆ ಎಂದು ಯೋಚಿಸಿ ನೋಡಿ. ಬೇರೆ ಜಿಂಕೆಗಳು ಬಂದೂಕು ಹಿಡಿದವನನ್ನು ಕಂಡು ಪೊದೆ ಸೇರುತ್ತವೆ. ನನ್ನ ದಿಲಾವರ್ ಅವನ ಹತ್ತಿರವೇ ನಡೆದು ಹೋಗುತ್ತಾನೆ, ಜೇಬು ಮೂಸಲು. ನಾನು ಆ ಟ್ರಕ್ಕಿಗೆ ಅವನನ್ನು ಹತ್ತಿಸುವುದಿಲ್ಲ. ಇಲ್ಲವಾದರೆ ಚೇತನಾ ಇಂಜೆಕ್ಷನ್ ಕೊಟ್ಟು ಮಲಗಿಸಬೇಕು. ಆ ಔಷಧಿ ಹೋದ ಮಾಂಸ ನಾಯಿಗೂ ಆಗುವುದಿಲ್ಲ, ಗುಂಡಿ ತೋಡಿ ಹೂಳಬೇಕು. ಅಷ್ಟು ಮುದ್ದಿನಿಂದ ಸಾಕಿದ ಜೀವ ಯಾರ ಹೊಟ್ಟೆಗೂ ಆಗದೆ ಮಣ್ಣಿಗೆ ಹೋಗುವುದು ನನಗೆ ಸರಿಕಾಣುವುದಿಲ್ಲ. ಅಪ್ಪ ಇದ್ದಿದ್ದರೆ ಬೈಯುತ್ತಿದ್ದರು.

ಉಳಿದದ್ದು ನಿಮ್ಮ ಕೈ.

ನೀವು ಬಂದು ಬಿಸ್ಮಿಲ್ಲಾ ಹೇಳಿ ಹಲಾಲ್ ಮಾಡಿಕೊಡಬೇಕು. ಇದೇ ನಾನು ಕೇಳಲು ಹೊರಟದ್ದು. ಓಡುವ ಜಿಂಕೆಯನ್ನು ಚಾಕುವಿನಿಂದ ಯಾರೂ ಕೊಯ್ಯಲಾರರು ಎಂದು ನನಗೂ ಗೊತ್ತು. ಆದರೆ ಕೊಂಬು ಇನ್ನೇನು ಉದುರುವ ಕಾಲ. ಉದುರಿದ ಮೇಲೆ ಸಿಟ್ಟು ಇಳಿದು ಮೊದಲಿನ ಮರಿಯ ಹಾಗಾಗುತ್ತಾನೆ, ಕರೆದರೆ ಬರುತ್ತಾನೆ. ನೂರು ಜಿಂಕೆಗಳಲ್ಲಿ ಹೀಗೆ ಕೊರಳು ಕೊಡುವುದು ಅವನೊಬ್ಬನೇ, ಅದೂ ನಾನು ಕೊಟ್ಟ ಸಲಿಗೆಯಿಂದ. ಮನೆಬಳಕೆಗಾದರೆ ಅಡ್ಡಿಯಿಲ್ಲ, ತಲೆಯನ್ನು ಮಾತ್ರ ಜಿಂಕೆಗಳಿಗೆ ಬರುವ ಮಿದುಳಿನ ರೋಗದ ಪರೀಕ್ಷೆಗೆ ಕೊಡಬೇಕು ಎಂದು ಸಾಹೇಬರು ವಿಚಾರಿಸಿದ್ದಾರೆ. ಅವತ್ತು ಅವರಿಗೆ ಹಲ್ಲುನೋವು ಬಂದೇ ಬರುತ್ತದೆ.

ಬೇರೆ ಯಾರ ಕೈಯೂ ನನಗೆ ಬೇಡ. ಡೆಟ್ರಾಯಿಟಿನಲ್ಲಿ ಕಸಾಯಿಗಳಿಗೇನು ಬರವೇ? ಆದರೆ ನಾನು ನೋಡಿದ್ದು ನಿಮ್ಮದನ್ನು. ನಮ್ಮ ಮನೆಯ ಬಕ್ರೀದಿಗೆ ನಿಮ್ಮ ಚಾಚಾರ ಜೊತೆ ಮೊದಲ ಸಲ ಬಂದಿದ್ದಿರಿ, ಮೀಸೆ ಇನ್ನೂ ಸರಿಯಾಗಿ ಬಂದಿರಲಿಲ್ಲ. ನಾನು ಅಡುಗೆಮನೆಯ ಕಿಟಕಿಯಲ್ಲಿದ್ದೆ. ಚಾಕು ಬೆನ್ನ ಹಿಂದೆ ಬಚ್ಚಿಟ್ಟುಕೊಂಡಿರಿ. ಆಡಿಗೆ ನೀರು ಕುಡಿಸಿದಿರಿ. ಅಂಗೈಯಿಂದ ಅದರ ಕಣ್ಣು ಮುಚ್ಚಿ, ಬಗ್ಗಿ ಕಿವಿಯಲ್ಲಿ ಏನೋ ಹೇಳಿದಿರಿ. ದುವಾ ಅಲ್ಲ ಅದು, ದುವಾಕ್ಕಿಂತ ಉದ್ದವಾಗಿತ್ತು. ಆಡು ಕಾಲು ಝಾಡಿಸದೆ ಸುಮ್ಮನೆ ಮಲಗಿತು. ಇಷ್ಟು ಮೆತ್ತಗೆ ಮಾತಾಡುವವನ ಕೈಹಿಡಿಯಬೇಕು ಎಂದು ಆ ಕಿಟಕಿಯಲ್ಲೇ ತೀರ್ಮಾನ ಮಾಡಿಬಿಟ್ಟೆ. ನಿಕಾಹ್ ಆದ ಮೇಲೆ ನಾನು ನಿಮ್ಮನ್ನು ಕೇಳಿದ ಮೊದಲ ಪ್ರಶ್ನೆ ಅದೇ, ಆಡಿನ ಕಿವಿಯಲ್ಲಿ ಏನು ಹೇಳಿದಿರಿ ಅಂತ. "ಅದೆಲ್ಲಾ ನಿಂಗ್ಯಾಕೆ" ಎಂದಿರಿ. ಆ ದನಿ ನನ್ನ ಪಾಲಿಗೆ ಒಂದು ದಿನವೂ ಬರಲಿಲ್ಲ. ಅಷ್ಟು ಜೀವಗಳಿಗೆ ಹೇಳಿದ್ದನ್ನು ಹೆಂಡತಿಗೆ ಹೇಳಲು ನಿಮಗೆ ಯಾಕೆ ಬಾಯಿ ಬರಲಿಲ್ಲ? ನನಗೆ ಈಗಲೂ ಅದು ಬೇಕು.

ಬರುವುದಾದರೆ ಸೋಮವಾರ ಬನ್ನಿ, ಅಂಗಡಿಗೆ ಹೇಗೂ ರಜೆ. ರಂಜಾನ್ ಹತ್ತಿರ ಬಂದರೆ ನಿಮಗೆ ಪುರುಸೊತ್ತಿರುವುದಿಲ್ಲ. ಇಲ್ಲಿ ಗಡಿಯಾರ ನಿಮ್ಮದಕ್ಕಿಂತ ಒಂದು ಗಂಟೆ ಮುಂದೆ, ಅದನ್ನು ಲೆಕ್ಕದಲ್ಲಿಡಿ. ಇವತ್ತು ಹನ್ನೊಂದು ಡಿಗ್ರಿ ಫ್ಯಾರನ್‌ಹೀಟ್ ಇದೆ, ಬಕೆಟ್ಟಿನ ನೀರು ಕಲ್ಲಾಗಿದೆ, ನಿಮ್ಮ ಆ ತೆಳು ಜಾಕೆಟ್ ಸಾಲದು. ಹೈವೇಯ ಎಕ್ಸಿಟ್ ಇಳಿದ ಮೇಲೆ ಆರು ಮೈಲಿ ನೇರ ಬನ್ನಿ, ಹಸಿರು ಛಾವಣಿಯ ಕೊಟ್ಟಿಗೆ ಕಾಣುತ್ತದೆ. ಒಂದೇ ದಿನದಲ್ಲಿ ಹೋಗಿ ಬರುವ ವಯಸ್ಸಲ್ಲ ನಿಮ್ಮದು. ಮೇಲಿನ ಕೋಣೆ ಖಾಲಿ ಇದೆ, ಹೀಟರ್ ಚೆನ್ನಾಗಿದೆ. ನಿಮ್ಮ ಸ್ವಂತ ಚಾಕು ತನ್ನಿ.

ಉತ್ತರ ಬರೆಯಿರಿ, ಇಲ್ಲವೇ ಬಂದುಬಿಡಿ. 'ಸರಿ' ಎಂದು ಮಾತ್ರ ಬರೆಯಬೇಡಿ.

ಇನ್ನೂ ನಿಮ್ಮ ಮೇಲೆ ಸಿಟ್ಟಿರುವ,
ಸುಬಿಯಾಳ ಅಮ್ಮಿ
ನಜ್ಮುನ್ನೀಸಾ

ತಾಜಾ ಕಲಂ, ಬುಧವಾರ: ಕಾಗದವನ್ನು ಅಂಚೆಗೆ ಹಾಕಲು ರಸ್ತೆಯ ಮೇಲ್‌ಬಾಕ್ಸಿನವರೆಗೆ ಹೋಗಿ ಹಾಗೇ ವಾಪಸು ತಂದೆ. ಒಂದು ಮಾತು ಮುಚ್ಚಿಟ್ಟಿದ್ದೆ. ಚೇತನಾ ಹೋದ ತಿಂಗಳೇ ಹೇಳಿದ್ದಳು, ಬೀಜ ಈಗಲೂ ತೆಗೆಯಬಹುದಂತೆ. ಹಾಗೆ ಮಾಡಿದರೆ ಮುಂದೆ ಬರುವ ಕೊಂಬು ಗಟ್ಟಿಯಾಗುವುದೇ ಇಲ್ಲ, ಮೇಲಿನ ಮಖಮಲ್ ಸುಲಿಯುವುದಿಲ್ಲ, ಆ ಸಿಟ್ಟೂ ಹುಟ್ಟುವುದಿಲ್ಲ. ಒಳಗೆ ಕಾಲಿಡದೆ ಬೇಲಿಯ ಈಚೆಯಿಂದ ಸಾಕಬಹುದು. "ಇರ್ಲಿ ಬಿಡ್ರಿ ನಜ್ಮಾಬಾಯಿ, ಅಂವಾ ಒಬ್ಬಾಂವ ನನಗ ಭಾರ ಆಗ್ತಾನೇನು" ಎಂದು ಸಾಹೇಬರೂ ಒಪ್ಪಿದ್ದಾರೆ. ನಾನೇ ಹೂಂ ಅನ್ನದೆ ಕೂತಿದ್ದೆ. ಅದನ್ನು ಬರೆದರೆ ನಿಮಗೆ ಇಲ್ಲಿ ಮಾಡಲು ಏನೂ ಉಳಿಯುವುದಿಲ್ಲ, ಮತ್ತೆ ಕೆಲಸವಿಲ್ಲದ ಕಡೆಗೆ ನೀವು ಬರುವವರಲ್ಲ. ನಿಮ್ಮನ್ನು ಕರೆಸಿಕೊಳ್ಳಲು ಒಂದು ಜೀವ ತೆಗೆಸಲು ಹೊರಟಿದ್ದೆ. ಇವತ್ತು ಬೆಳಿಗ್ಗೆ ಅವನ ಎಡಗೊಂಬು ಹಿಮದಲ್ಲಿ ಬಿದ್ದಿತ್ತು. ಬೋಳಾದ ಆ ಜಾಗವನ್ನು ತಂತಿಗೆ ಒತ್ತಿ ನಿಂತ, ನಾನು ಬೆರಳು ತೂರಿಸಿ ಕೆರೆದೆ. ಚೇತನಾಳಿಗೆ ಫೋನ್ ಮಾಡಿ ಆಯಿತು, ಶನಿವಾರ ಬರುತ್ತಾಳೆ. ಚಾಕು ಅಲ್ಲೇ ಇರಲಿ. ಯಾವ ದಿನವಾದರೂ ಸರಿ, ನೀವು ಬನ್ನಿ. ಇಲ್ಲಿ ನಿಮಗೆ ಕೆಲಸವೇನೂ ಇಲ್ಲ.